ಚೀನದ ಶಾಲಾ ಪ್ರವಾಸದಲ್ಲಿ ಪರದೇಶದ ಉಪಾಧ್ಯಾಯ

ಶಾಲೆಯ ಪ್ರವಾಸವೆಂದರೆ ಏನೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕಾಗಿಲ್ಲ. ಹಿಂದಿನ ರಾತ್ರಿ ನಿದ್ದೆ ಬಾರದಿರುವುದು, ಬಸ್ಸಿನಲ್ಲಿ ಕಿಟಕಿಯ ಬದಿಯ ಜಾಗಕ್ಕಾಗಿ ನಡೆಯುವ ಜಗಳ, ಊಟದ ಹೊತ್ತಿಗೆ ಮೊದಲೇ ಬರಿದಾಗುವ ಬುತ್ತಿಯ ಡಬ್ಬಿ, ಇವೆಲ್ಲವೂ ಸಕಲ ದೇಶಗಳ ಮಕ್ಕಳಿಗೂ ಸಮಾನವಾದುವು. ಆದರೆ ಒಂದು ದೇಶದವರು ತಮ್ಮ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವರು, ಏತಕ್ಕಾಗಿ ಕರೆದೊಯ್ಯುವರು ಎಂಬುದನ್ನು ವಿಚಾರಿಸಿದರೆ, ವಿದ್ಯೆಯೆಂದರೆ ಏನೆಂದು ಆ ದೇಶವು ಭಾವಿಸಿದೆಯೆಂಬುದು ಸ್ವಲ್ಪಮಟ್ಟಿಗೆ ತಿಳಿದುಬರುತ್ತದೆ. ಆ ಪ್ರವಾಸದಲ್ಲಿ ಬೇರೊಂದು ದೇಶದಿಂದ ಬಂದ ಉಪಾಧ್ಯಾಯನೊಬ್ಬನೂ ಸೇರಿಕೊಂಡರೆ ಆಗುವ ಲಾಭವೇನು, ತೊಡಕುಗಳೇನು ಎಂಬುದು ಇನ್ನೂ ಕುತೂಹಲಕರವಾದ ಪ್ರಶ್ನೆ. ನಮ್ಮ ನೆರೆಯ ಮಹಾದೇಶವಾದ ಚೀನವನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ವಿಷಯವನ್ನು ಪರಿಶೀಲಿಸೋಣ.

ಹಳೆಯ ಬೇರು

ಗುರುವೂ ಶಿಷ್ಯರೂ ಕೂಡಿ ಹೊರಗೆ ಸಂಚರಿಸುವ ಕಲ್ಪನೆ ಚೀನದಲ್ಲಿ ಬಹಳ ಪ್ರಾಚೀನವಾದುದು. ಕ್ರಿಸ್ತಪೂರ್ವ 551ರಿಂದ 479ರವರೆಗೆ ಬಾಳಿದ ಕನ್ಫ್ಯೂಷಿಯಸನು ತನ್ನ ಕೆಲವು ಶಿಷ್ಯರನ್ನು, ನಿಮ್ಮ ಮನಸ್ಸಿನ ಬಯಕೆ ಏನೆಂದು ಒಮ್ಮೆ ಕೇಳಿದನಂತೆ. ಒಬ್ಬನು ರಾಜ್ಯವನ್ನಾಳುವ ಮಾತನ್ನಾಡಿದನು. ಮತ್ತೊಬ್ಬನು ಪ್ರಜೆಗಳ ಹೊಟ್ಟೆ ತುಂಬಿಸುವ ಮಾತನ್ನಾಡಿದನು. ಇನ್ನೊಬ್ಬನು ದೇವಕಾರ್ಯದಲ್ಲಿ ಸಹಾಯಕನಾಗುವೆನೆಂದನು. ಕೊನೆಯವನು ಮಾತ್ರ, ವಸಂತದ ಕಡೆಯ ದಿನಗಳಲ್ಲಿ ಕೆಲವು ಗೆಳೆಯರನ್ನೂ ಕೆಲವು ಹುಡುಗರನ್ನೂ ಕರೆದುಕೊಂಡು ಹೊಳೆಗೆ ಹೋಗಿ ಮಿಂದು, ಗಾಳಿಗೆ ಮೈಯೊಡ್ಡಿ, ಹಾಡುತ್ತ ಮನೆಗೆ ಮರಳುವುದೇ ತನ್ನ ಬಯಕೆಯೆಂದನು. ಗುರುವು ಮೆಚ್ಚಿದುದು ಇವನನ್ನೇ. ಈ ಪ್ರಸಂಗವು ಕನ್ಫ್ಯೂಷಿಯಸನ ಸಂವಾದಗಳ ಗ್ರಂಥವಾದ ‘ಲುನ್ ಯು’ದಲ್ಲಿದೆ.

ಚೀನದ ಶಾಲೆಗಳಲ್ಲಿ ಇಂದಿಗೂ ವಸಂತದಲ್ಲಿ ಒಂದು, ಶರತ್ಕಾಲದಲ್ಲಿ ಒಂದು ಹೊರಸಂಚಾರವನ್ನು ಏರ್ಪಡಿಸುವ ರೂಢಿಯುಂಟು. ಮೊದಲನೆಯದಕ್ಕೆ ‘ಚುನ್ ಯೌ’ ಎಂದೂ ಎರಡನೆಯದಕ್ಕೆ ‘ಛ್ಯೌ ಯೌ’ ಎಂದೂ ಹೆಸರು. ‘ಚುನ್’ ಎಂದರೆ ವಸಂತ, ‘ಛ್ಯೌ’ ಎಂದರೆ ಶರತ್ತು, ‘ಯೌ’ ಎಂದರೆ ತಿರುಗಾಟ.

ಹೆಸರನ್ನು ತಿರುಗಿಸಿಕೊಂಡ ಗುರು

ಇಂತಹ ತಿರುಗಾಟವನ್ನು ವಿನೋದದ ಮಟ್ಟದಿಂದ ವಿದ್ಯೆಯ ಮಟ್ಟಕ್ಕೆ ಏರಿಸಿದವರಲ್ಲಿ ತಾವೊ ಶಿಂಗ್‌ಝಿ ಎಂಬ ಶಿಕ್ಷಣತಜ್ಞನು ಪ್ರಮುಖನು. ಈತನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದವನು. ಅಲ್ಲಿ ಪ್ರಸಿದ್ಧ ತತ್ತ್ವಜ್ಞನಾದ ಜಾನ್ ಡ್ಯೂಯಿಯ ವಿಚಾರಗಳು ಈತನ ಮೇಲೆ ಪ್ರಭಾವ ಬೀರಿದುವು. ಆ ಡ್ಯೂಯಿಯೇ 1919ರಲ್ಲಿ ಚೀನಕ್ಕೆ ಬಂದು 1921ರವರೆಗೆ ಎರಡು ವರ್ಷಗಳಿಗೂ ಮಿಕ್ಕು ಅಲ್ಲಿ ನಿಂತು, ಹಲವು ಪ್ರಾಂತಗಳಲ್ಲಿ ಉಪನ್ಯಾಸಗಳನ್ನು ಮಾಡಿದನು. ಚೀನವು ಆದರದಿಂದ ಬರಮಾಡಿಕೊಂಡ ಪರದೇಶದ ಗುರುಗಳಲ್ಲಿ ಡ್ಯೂಯಿಗೆ ದೊಡ್ಡ ಸ್ಥಾನವಿದೆ.

ಆದರೆ ಶಿಷ್ಯನು ಗುರುವಿನ ಮಾತನ್ನು ಇದ್ದಂತೆಯೇ ಒಪ್ಪಿಕೊಳ್ಳಲಿಲ್ಲ. ಶಾಲೆಯೊಳಗೆ ಜೀವನವನ್ನೂ ಸಮಾಜವನ್ನೂ ತರಬೇಕೆಂಬುದು ಡ್ಯೂಯಿಯ ಅಭಿಪ್ರಾಯದ ಸಾರ. ಬಡರೈತರೇ ತುಂಬಿದ ಚೀನದಲ್ಲಿ ಇದು ಸಾಲದೆಂದು ತಾವೊನಿಗೆ ತೋರಿತು. ಸಮಾಜವನ್ನು ಶಾಲೆಯೊಳಗೆ ತಂದಿಡುವುದು ಹಕ್ಕಿಯನ್ನು ಪಂಜರದಲ್ಲಿಟ್ಟಂತೆ. ಅದರ ಬದಲಾಗಿ ಸಮಾಜವನ್ನೇ ಶಾಲೆಯನ್ನಾಗಿ ಮಾಡಿಕೊಳ್ಳಬೇಕೆಂದು ಅವನು ವಾದಿಸಿದನು. 1927ರಲ್ಲಿ ನಾನ್‌ಜಿಂಗ್ ನಗರದ ಹೊರವಲಯದ ಷ್ಯಾವ್‌ಜ್ವಾಂಗ್ ಎಂಬಲ್ಲಿ ಗ್ರಾಮೀಣ ಉಪಾಧ್ಯಾಯರ ತರಬೇತಿಗಾಗಿ ಒಂದು ಶಾಲೆಯನ್ನು ತೆರೆದನು. ಅಲ್ಲಿ ಕಲಿಯುವವರು ಉಳುವುದನ್ನೂ ಅಡಿಗೆ ಮಾಡುವುದನ್ನೂ ಪಾಠದೊಂದಿಗೇ ಕಲಿಯಬೇಕಾಗಿತ್ತು.

ಈತನ ಹೆಸರಿನ ಕಥೆಯೂ ಸ್ವಾರಸ್ಯವಾದುದು. ಮೊದಲು ಈತನು ‘ಝಿಶಿಂಗ್’ ಎಂಬ ಹೆಸರನ್ನಿಟ್ಟುಕೊಂಡಿದ್ದನು. ‘ಝಿ’ ಎಂದರೆ ಅರಿವು, ‘ಶಿಂಗ್’ ಎಂದರೆ ಆಚರಣೆ. ಮೊದಲು ಅರಿವು, ಆಮೇಲೆ ಆಚರಣೆ ಎಂಬುದು ಅದರ ಭಾವ. ಅನುಭವ ಬೆಳೆದಂತೆ, ಮಾಡಿದ ಮೇಲೆಯೇ ಅರಿವುಂಟಾಗುವುದೆಂದು ಅವನಿಗೆ ಮನವರಿಕೆಯಾಯಿತು. ಆದುದರಿಂದ 1934ರಲ್ಲಿ ತನ್ನ ಹೆಸರಿನ ಎರಡು ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಶಿಂಗ್‌ಝಿ’ ಎಂದು ಬದಲಾಯಿಸಿಕೊಂಡನು. ತನ್ನ ಅಭಿಪ್ರಾಯ ಬದಲಾದುದನ್ನು ಹೆಸರಿನಲ್ಲಿಯೇ ಜಗತ್ತಿಗೆ ಸಾರಿದ ಉಪಾಧ್ಯಾಯರು ವಿರಳ.

ತಾವೊನು 1929ರಲ್ಲಿ ಹ್ವಾಯ್-ಆನ್ ಎಂಬಲ್ಲಿ ಸ್ಥಾಪಿಸಿದ ಶಿನ್-ಆನ್ ಪ್ರಾಥಮಿಕ ಶಾಲೆಯಿಂದ 1935ರ ಅಕ್ಟೋಬರಿನಲ್ಲಿ 14 ಮಂದಿ ಮಕ್ಕಳು ತಮ್ಮ ಮುಖ್ಯೋಪಾಧ್ಯಾಯನಾದ ವಾಂಗ್ ದಾಝಿಯೊಡನೆ ಪ್ರವಾಸ ಹೊರಟರು. ಜಪಾನಿನ ಆಕ್ರಮಣವು ದೇಶವನ್ನು ನಡುಗಿಸುತ್ತಿದ್ದ ಕಾಲವದು. ಮಕ್ಕಳು ಊರಿಂದೂರಿಗೆ ಸಾಗುತ್ತ, ಚಲನಚಿತ್ರಗಳನ್ನು ತೋರಿಸುತ್ತ, ಹಾಡು ನಾಟಕಗಳನ್ನು ಪ್ರದರ್ಶಿಸುತ್ತ ಜನರನ್ನು ಎಚ್ಚರಗೊಳಿಸಿದರು. ಹೊಸ ಮಕ್ಕಳು ಸೇರುತ್ತ, ದೊಡ್ಡವರಾದವರು ಬಿಡುತ್ತ, ಈ ಪ್ರವಾಸವು ಹದಿನೇಳು ವರ್ಷ ನಡೆಯಿತು. ಕ್ರಮಿಸಿದ ದಾರಿ ಸುಮಾರು 50,000 ‘ಲಿ’ ಎಂದು ಎಣಿಸುವರು. ಒಂದು ‘ಲಿ’ಯು ಅರ್ಧ ಕಿಲೋಮೀಟರಿಗೆ ಸಮವಾದುದರಿಂದ ಇದು 25,000 ಕಿಲೋಮೀಟರುಗಳಷ್ಟಾಯಿತು.

ಇಂದಿನ ಏರ್ಪಾಡು

ಈಗಿನ ಚೀನದಲ್ಲಿ ಶಾಲಾ ಪ್ರವಾಸಕ್ಕೆ ಸರಕಾರದ ನಿಯಮಗಳಿವೆ. 2016ರಲ್ಲಿ ಶಿಕ್ಷಣ ಇಲಾಖೆಯು ಇತರ ಇಲಾಖೆಗಳೊಡನೆ ಸೇರಿ, ‘ಯಾನ್ ಶ್ಯುಎ’ ಎಂದರೆ ವ್ಯಾಸಂಗ ಪ್ರವಾಸವನ್ನು ಶಾಲೆಯ ಪಠ್ಯಕ್ರಮದೊಳಗೆ ಸೇರಿಸಬೇಕೆಂದು ಆದೇಶವಿತ್ತಿತು. ಚಿಕ್ಕ ಮಕ್ಕಳು ಮೊದಲು ತಮ್ಮ ಊರು ಸೀಮೆಗಳನ್ನು ಅರಿಯಬೇಕು. ಮಾಧ್ಯಮಿಕ ಶಾಲೆಯವರು ತಮ್ಮ ಜಿಲ್ಲೆ ನಗರಗಳನ್ನು ನೋಡಬೇಕು. ಅದಕ್ಕೂ ಮೇಲಿನವರು ತಮ್ಮ ಪ್ರಾಂತವನ್ನೂ ದೇಶವನ್ನೂ ನೋಡಬೇಕು. ಹೀಗೆ ವರ್ತುಲಗಳು ಒಂದರ ಹೊರಗೊಂದು ವಿಸ್ತಾರವಾಗುತ್ತ ಹೋಗುತ್ತವೆ. ಪ್ರವಾಸದ ಯೋಜನೆಯನ್ನು ಮೊದಲೇ ಬರೆದೊಪ್ಪಿಸಬೇಕು. ಅಪಘಾತ ಸಂಭವಿಸಿದರೆ ಮಾಡತಕ್ಕುದನ್ನು ಮುಂಚಿತವಾಗಿ ಗೊತ್ತುಪಡಿಸಬೇಕು. ಬಡಮಕ್ಕಳಿಂದ ಪೂರ್ಣ ವೆಚ್ಚವನ್ನು ವಸೂಲು ಮಾಡಬಾರದು. ದುಡ್ಡಿಲ್ಲವೆಂಬ ಕಾರಣದಿಂದ ಒಂದು ಮಗು ಹಿಂದುಳಿದರೆ ಆ ಪ್ರವಾಸವು ವಿದ್ಯೆಯಾಗದೆ ವಿಲಾಸವಾಗುವುದಷ್ಟೆ.

ಇನ್ನು ಪರದೇಶದ ಉಪಾಧ್ಯಾಯನ ವಿಷಯ. 2001ರಿಂದ ಚೀನದ ಪ್ರಾಥಮಿಕ ಶಾಲೆಗಳಲ್ಲಿ ಮೂರನೆಯ ತರಗತಿಯಿಂದ ಇಂಗ್ಲಿಷ್ ಕಲಿಸುವ ಏರ್ಪಾಡು ಬಂದಿತು. ಅದರಿಂದಾಗಿ ಅನೇಕ ಶಾಲೆಗಳು ಹೊರದೇಶದ ಉಪಾಧ್ಯಾಯರನ್ನು ನೇಮಿಸಿಕೊಂಡುವು. ಇಂತಹವರನ್ನು ‘ವಾಯ್ ಜ್ಯಾವ್’ ಎನ್ನುತ್ತಾರೆ; ಹೊರಗಿನಿಂದ ಬಂದು ಕಲಿಸುವವನೆಂದು ಅರ್ಥ. ಮಕ್ಕಳು ಮಾತ್ರ ಎಲ್ಲ ಗುರುಗಳನ್ನೂ ಕರೆಯುವಂತೆ ಇವನನ್ನೂ ‘ಲಾವ್‌ಷಿ’ ಎಂದೇ ಕರೆಯುವರು.

ತರಗತಿಯಲ್ಲಿ ಈತನ ಸ್ಥಿತಿ ಸುಲಭವಾದುದಲ್ಲ. ನಲವತ್ತಕ್ಕೂ ಹೆಚ್ಚು ಮಕ್ಕಳಿರುವ ಕೋಣೆಗೆ ವಾರಕ್ಕೆ ಒಂದೆರಡು ಸಲ ಮಾತ್ರ ಈತನು ಬರುತ್ತಾನೆ. ಮಕ್ಕಳ ಚೀನೀ ಹೆಸರುಗಳನ್ನು ಉಚ್ಚರಿಸುವುದು ಅವನಿಗೆ ಕಷ್ಟ. ಆದುದರಿಂದ ಮಕ್ಕಳು ಇಂಗ್ಲಿಷ್ ಪಾಠದ ಹೊತ್ತಿಗೆಂದು ಒಂದು ಇಂಗ್ಲಿಷ್ ಹೆಸರನ್ನಿಟ್ಟುಕೊಳ್ಳುವ ರೂಢಿ ಅನೇಕ ಕಡೆಗಳಲ್ಲಿದೆ. ವರ್ಷವಿಡೀ ಪಾಠ ಹೇಳಿದರೂ ಉಪಾಧ್ಯಾಯನಿಗೆ ಹುಡುಗನ ನಿಜವಾದ ಹೆಸರು ತಿಳಿಯದೆ ಹೋಗಬಹುದು. ಹುಡುಗನಿಗೂ ಈ ಉಪಾಧ್ಯಾಯನು ಪಾಠಪುಸ್ತಕದ ಧ್ವನಿಯೇ ಹೊರತು ಮನುಷ್ಯನೆಂದು ತೋರದಿರಬಹುದು.

ಪಾತ್ರಗಳ ಅದಲುಬದಲು

ಬಸ್ಸನ್ನೇರಿದೊಡನೆ ಈ ಸ್ಥಿತಿ ಬದಲಾಗುತ್ತದೆ. ಸಿಚ್ವಾನ್ ಪ್ರಾಂತದ ರಾಜಧಾನಿಯಾದ ಚೆಂಗ್ಡುವಿನ ಒಂದು ಶಾಲೆಯವರು ದೂಜ್ಯಾಂಗ್‌ಯಾನ್‌ಗೆ ಹೊರಟಿರುವರೆಂದು ಭಾವಿಸೋಣ. ಅದು ನಗರದಿಂದ ವಾಯವ್ಯಕ್ಕೆ ಸುಮಾರು 60 ಕಿಲೋಮೀಟರು ದೂರದಲ್ಲಿದೆ. ಕೊರಳಲ್ಲಿ ಕೆಂಪು ವಸ್ತ್ರವನ್ನು ಕಟ್ಟಿಕೊಂಡ ಮಕ್ಕಳು ಸಾಲಾಗಿ ನಿಲ್ಲುವರು. ಮುಂದೆ ಚಿಕ್ಕದೊಂದು ಧ್ವಜ ಹಿಡಿದ ಮಾರ್ಗದರ್ಶಿ. ಹಿಂದೆ ತಲೆಗಳನ್ನು ಮತ್ತೆ ಮತ್ತೆ ಎಣಿಸುವ ತರಗತಿಯ ಉಪಾಧ್ಯಾಯಿನಿ. ಇವರ ನಡುವೆ ಪರದೇಶದ ಉಪಾಧ್ಯಾಯನಿಗೆ ಫಲಕವನ್ನು ಓದಲಾಗದು, ಮಾರ್ಗದರ್ಶಿಯ ಮಾತು ಅರ್ಥವಾಗದು, ತಿಂಡಿಯ ಹೆಸರೂ ತಿಳಿಯದು. ತರಗತಿಯಲ್ಲಿ ಎಲ್ಲವನ್ನೂ ಬಲ್ಲವನಾಗಿದ್ದವನು ಇಲ್ಲಿ ಎಲ್ಲರಿಗಿಂತಲೂ ಕಡಿಮೆ ಬಲ್ಲವನು. ಆಗ ಮಕ್ಕಳೇ ಅವನಿಗೆ ಗುರುಗಳಾಗಬೇಕಾಗುತ್ತದೆ.

ಅವರು ಅವನಿಗೆ ವಿವರಿಸಬೇಕಾದುದು ಸಾಮಾನ್ಯ ವಿಷಯವಲ್ಲ. ಕ್ರಿಸ್ತಪೂರ್ವ 256ರ ಸುಮಾರಿಗೆ, ಛಿನ್ ರಾಜ್ಯಕ್ಕೆ ಸೇರಿದ ಶು ಸೀಮೆಯ ಅಧಿಪತಿಯಾಗಿದ್ದ ಲಿ ಬಿಂಗ್ ಎಂಬುವನು ಮಿನ್ ನದಿಯನ್ನು ಪಳಗಿಸಿದ ಸ್ಥಳವದು. ನದಿಯು ಬೆಟ್ಟಗಳಿಂದ ರಭಸವಾಗಿ ಇಳಿದು ಬಯಲನ್ನು ಮುಳುಗಿಸುತ್ತಿದ್ದಿತು. ಮಳೆಯಿಲ್ಲದಾಗ ಅದೇ ಬಯಲು ಒಣಗುತ್ತಿದ್ದಿತು. ಲಿ ಬಿಂಗ್ ನದಿಗೆ ಅಡ್ಡವಾಗಿ ಅಣೆಕಟ್ಟನ್ನು ಕಟ್ಟಲಿಲ್ಲ. ನದಿಯ ನಡುವೆ ಉದ್ದನೆಯ ಒಂದು ದಿಣ್ಣೆಯನ್ನು ಕಟ್ಟಿ ನೀರನ್ನು ಒಳಹೊಳೆ, ಹೊರಹೊಳೆ ಎಂದು ಎರಡಾಗಿ ಸೀಳಿದನು. ಬಿದಿರಿನ ಉದ್ದ ಬುಟ್ಟಿಗಳಲ್ಲಿ ಕಲ್ಲುಗಳನ್ನು ತುಂಬಿ ಒಡ್ಡುಗಳನ್ನು ಹಾಕುತ್ತಿದ್ದರು. ಒಳಹೊಳೆಯ ನೀರನ್ನು ಬಯಲಿಗೆ ಹರಿಸಲು ಬೆಟ್ಟವನ್ನೇ ಕಡಿಯಬೇಕಾಯಿತು. ಸಿಡಿಮದ್ದು ಇನ್ನೂ ಹುಟ್ಟದಿದ್ದ ಆ ಕಾಲದಲ್ಲಿ ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ಮೇಲೆ ನೀರೆರಚಿ, ಅದು ಬಿರಿದಾಗ ಒಡೆದು ತೆಗೆದರೆಂದು ಹೇಳುವರು.

ಈ ಏರ್ಪಾಡಿನ ಮೂರು ಅಂಗಗಳ ಹೆಸರುಗಳು ಬಹು ಸೊಗಸಾದುವು. ನೀರನ್ನು ಸೀಳುವ ದಿಣ್ಣೆಯ ಮೂತಿಗೆ ‘ಮೀನಿನ ಬಾಯಿ’ ಎಂದು ಹೆಸರು. ಒಳಹೊಳೆಯಲ್ಲಿ ಹೆಚ್ಚಾದ ನೀರನ್ನೂ ಮರಳು ಕಲ್ಲುಗಳನ್ನೂ ಹೊರಹೊಳೆಗೆ ಚೆಲ್ಲುವ ತಗ್ಗಾದ ಒಡ್ಡು ‘ಹಾರುವ ಮರಳಿನ ಒಡ್ಡು’. ಬೆಟ್ಟದಲ್ಲಿ ಕಡಿದ, ಸುಮಾರು 20 ಮೀಟರು ಅಗಲದ ಕಿರಿದಾದ ದಾರಿಯು ‘ರತ್ನದ ಬಾಟಲಿಯ ಬಾಯಿ’. ಬಾಟಲಿಯ ಕತ್ತಿನಂತೆ ಅದು ಇಷ್ಟೇ ನೀರನ್ನು ಒಳಬಿಡುವುದು. ಮಿಕ್ಕಿದ್ದು ಹಿಂದಕ್ಕೊತ್ತಿ ಒಡ್ಡಿನ ಮೇಲೆ ಹರಿದುಹೋಗುವುದು. ನದಿಯ ತಿರುವಿನಲ್ಲಿ ಮೇಲಣ ತಿಳಿನೀರು ಒಳಹೊಳೆಯ ಕಡೆಗೂ, ತಳದ ಮರಳುನೀರಿನ ಬಹುಭಾಗ ಹೊರಹೊಳೆಯ ಕಡೆಗೂ ಸರಿಯುತ್ತವೆ. ಬೇಸಗೆಯಲ್ಲಿ ನೂರಕ್ಕೆ ಅರವತ್ತರಷ್ಟು ನೀರು ಒಳಗೆ ಬಂದರೆ, ಪ್ರವಾಹದಲ್ಲಿ ನೂರಕ್ಕೆ ಅರವತ್ತರಷ್ಟು ತಾನಾಗಿಯೇ ಹೊರಗೆ ಹೋಗುತ್ತದೆ. ಎರಡು ಸಾವಿರ ವರ್ಷಗಳು ಕಳೆದರೂ ಈ ಕಾರ್ಯ ನಿಂತಿಲ್ಲ. ಇಂದು ಅದು ಆರು ಲಕ್ಷ ಹೆಕ್ಟೇರುಗಳಿಗೂ ಮಿಕ್ಕ ನೆಲಕ್ಕೆ ನೀರುಣಿಸುತ್ತಿದೆ. 2000ದಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ಸ್ಥಾನವೆಂದು ಅಂಗೀಕರಿಸಿತು.

ಇದನ್ನೆಲ್ಲ ಐದನೆಯ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಹೇಗೆ ವಿವರಿಸಿಯಾಳು? ಜಲವಿಜ್ಞಾನದ ಒಂದು ಪದವೂ ಅವಳಿಗೆ ಬಾರದು. ಆದರೆ ಹೆಸರುಗಳನ್ನು ಗಮನಿಸಿರಿ: ಮೀನು, ಬಾಯಿ, ಹಾರು, ಮರಳು, ಬಾಟಲಿ. ಇವೆಲ್ಲವೂ ಇಂಗ್ಲಿಷ್ ಕಲಿಯುವ ಮಗುವಿಗೆ ಮೊದಮೊದಲೇ ದೊರೆಯುವ ಮಾತುಗಳು. ‘ಫಿಷ್’ ಎಂದು ನದಿಯ ನಡುವಣ ದಿಣ್ಣೆಯನ್ನು ತೋರಿಸಿ, ‘ಮೌತ್’ ಎಂದು ಅದರ ಮೂತಿಯನ್ನು ತೋರಿಸಿ, ‘ಸ್ಯಾಂಡ್’, ‘ಫ್ಲೈ’ ಎಂದು ಕೈಯನ್ನು ಗಾಳಿಯಲ್ಲಿ ಬೀಸಿದರೆ ಅರ್ಧ ವಿವರಣೆ ಮುಗಿದಂತೆಯೇ. ಉಳಿದ ಅರ್ಧವನ್ನು ಅವಳು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಬಹುದು. ಉಪಾಧ್ಯಾಯನು ‘ನೀರು ಹೆಚ್ಚಾದರೆ?’ ಎಂದು ಕೇಳಿದಾಗ, ಅವಳಿಗೆ ಉತ್ತರ ತಿಳಿಯದಿದ್ದರೆ ಹಿಂದಿರುಗಿ ಮಾರ್ಗದರ್ಶಿಯನ್ನೇ ಕೇಳುವಳು. ಅಲ್ಲಿಯವರೆಗೆ ಮಾರ್ಗದರ್ಶಿಯ ಮಾತು ಅವಳ ಕಿವಿಯ ಪಕ್ಕದಲ್ಲಿ ಹಾದುಹೋಗುತ್ತಿದ್ದಿರಬಹುದು. ಇನ್ನೊಬ್ಬರಿಗೆ ಹೇಳುವ ಹೊಣೆ ತಲೆಯ ಮೇಲೆ ಬಿದ್ದೊಡನೆ ಅದು ಕಿವಿಯೊಳಗೆ ಇಳಿಯುತ್ತದೆ. ಪರದೇಶದ ಉಪಾಧ್ಯಾಯನು ಪ್ರವಾಸದಲ್ಲಿ ಮಾಡುವ ಅತಿದೊಡ್ಡ ಉಪಕಾರವೆಂದರೆ ಆತನ ಅಜ್ಞಾನವೇ. ಅದು ಮಕ್ಕಳನ್ನು ಅರಿತುಕೊಳ್ಳುವಂತೆ ಪ್ರೇರಿಸುತ್ತದೆ.

ತೊಡಕುಗಳು

ಇದಕ್ಕೆ ಇನ್ನೊಂದು ಮುಖವೂ ಉಂಟು. ಕೆಲವೆಡೆಗಳಲ್ಲಿ ಪರದೇಶದವನು ಬಂದನೆಂದರೆ ಪ್ರವಾಸಿಗಳು ಆತನನ್ನೇ ಮುತ್ತಿ, ಅವನೊಡನೆ ನಿಂತು ಚಿತ್ರ ತೆಗೆಸಿಕೊಳ್ಳುವರು. ಆಗ ನೋಡಲು ಬಂದವನೇ ನೋಟದ ವಸ್ತುವಾಗುತ್ತಾನೆ. ಮಕ್ಕಳ ಗಮನವೂ ನದಿಯಿಂದ ಅವನ ಕಡೆಗೆ ತಿರುಗುತ್ತದೆ. ಸಾಲು ಮುರಿಯುತ್ತದೆ, ಎಣಿಕೆ ತಪ್ಪುತ್ತದೆ, ತರಗತಿಯ ಉಪಾಧ್ಯಾಯಿನಿಗೆ ಎದೆ ಹಾರುತ್ತದೆ. ನಲವತ್ತು ಮಕ್ಕಳ ಹೊಣೆ ಹೊತ್ತವಳು ಅವಳು. ಅತಿಥಿಯನ್ನೂ ಕಾಯಬೇಕಾದ ಭಾರ ಅವಳ ಮೇಲೆ ಬೀಳಬಾರದು. ಆದುದರಿಂದ ಇಂತಹ ಉಪಾಧ್ಯಾಯನು ಸಾಲಿನ ಮಧ್ಯದಲ್ಲಿರಬೇಕು, ಹೇಳಿದ ಹೊತ್ತಿಗೆ ಬಸ್ಸಿನ ಬಳಿಗೆ ಬರಬೇಕು, ತನ್ನ ತಲೆಯನ್ನೂ ಎಣಿಕೆಗೆ ಒಪ್ಪಿಸಬೇಕು.

ಇದಕ್ಕಿಂತ ಸೂಕ್ಷ್ಮವಾದುದು ಮಾತಿನ ಮಿತಿ. 2008ರ ಮೇ 12ರಂದು ಸಿಚ್ವಾನಿನಲ್ಲಿ ಭೀಕರವಾದ ಭೂಕಂಪವಾಯಿತು. ದೂಜ್ಯಾಂಗ್‌ಯಾನ್ ಪ್ರದೇಶದಲ್ಲಿಯೂ ಶಾಲೆಯ ಕಟ್ಟಡ ಕುಸಿದು ಅನೇಕ ಮಕ್ಕಳು ಮಡಿದರು. ಮೀನಿನ ಬಾಯಲ್ಲಿ ಬಿರುಕು ಕಾಣಿಸಿಕೊಂಡಿತು. ಲಿ ಬಿಂಗ್ ಮತ್ತು ಅವನ ಮಗನ ನೆನಪಿಗಾಗಿ ನಿಂತಿದ್ದ ಗುಡಿಯು ಬಹಳ ಜಖಂಗೊಂಡಿತು. ನದಿಯ ಏರ್ಪಾಡು ಮಾತ್ರ ನಿಂತಿತು. ಗುಡಿಯನ್ನು ಬಳಿಕ ದುರಸ್ತಿ ಮಾಡಿದರು. ಇಂತಹ ನೆಲದಲ್ಲಿ ನಿಂತಾಗ ಯಾವ ಮನೆಯವರು ಯಾರನ್ನು ಕಳೆದುಕೊಂಡರೆಂದು ಹೊರಗಿನವನಿಗೆ ತಿಳಿಯದು. ಕುತೂಹಲದಿಂದ ಪ್ರಶ್ನೆ ಕೇಳುವುದು ಸುಲಭ. ಕೇಳದೆ ಜೊತೆಯಲ್ಲಿ ನಿಲ್ಲುವುದು ಕಷ್ಟ. ಆ ಕಷ್ಟವನ್ನು ಕಲಿಯುವುದೂ ಪ್ರವಾಸದ ಪಾಠಗಳಲ್ಲಿ ಒಂದು.

ನಮ್ಮವನೊಬ್ಬನ ಸಮಾಧಿ

ವಸಂತದಲ್ಲಿ ಚೀನೀಯರು ಹಿರಿಯರ ಸಮಾಧಿಗಳನ್ನು ಶುಚಿಗೊಳಿಸಿ ನಮಿಸುವ ‘ಛಿಂಗ್ ಮಿಂಗ್’ ಎಂಬ ಹಬ್ಬ ಬರುತ್ತದೆ. ಆ ದಿನಗಳಲ್ಲಿ ಶಾಲೆಯ ಮಕ್ಕಳನ್ನು ಹುತಾತ್ಮರ ಸಮಾಧಿಗಳಿಗೆ ಕರೆದೊಯ್ಯುವುದುಂಟು. ಉತ್ತರ ಚೀನದ ಶಿಜ್ಯಾಜ್ವಾಂಗ್ ನಗರದ ಹುತಾತ್ಮರ ವನದಲ್ಲಿ ಇಬ್ಬರು ಪರದೇಶೀಯರ ಸಮಾಧಿಗಳಿಗೆ ಗೌರವದ ಸ್ಥಾನವಿದೆ. ಒಬ್ಬನು ಕೆನಡಾದ ವೈದ್ಯನಾದ ನಾರ್ಮನ್ ಬೆಥ್ಯೂನ್. ಮತ್ತೊಬ್ಬರು ನಮ್ಮ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು.

ಕೋಟ್ನೀಸರು 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದರು. ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುವ ಊರು ಅದು. ಅವರು ವೈದ್ಯಶಾಸ್ತ್ರವನ್ನು ಕಲಿತದ್ದು ನಮ್ಮ ಮುಂಬಯಿಯಲ್ಲಿಯೇ, ಪರೇಲಿನ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜಿನಲ್ಲಿ. ಯುದ್ಧಪೀಡಿತ ಚೀನಕ್ಕೆ ಭಾರತದ ಕಾಂಗ್ರೆಸ್ಸು 1938ರಲ್ಲಿ ಕಳುಹಿಸಿದ ಐವರು ವೈದ್ಯರ ತಂಡದಲ್ಲಿ ಅವರೊಬ್ಬರಾಗಿದ್ದರು. ಅವರು ಅಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಮಾಡಿದುದಷ್ಟೇ ಅಲ್ಲ. ಚೀನೀ ಭಾಷೆಯನ್ನು ಕಲಿತು, ಬೆಥ್ಯೂನನ ಹೆಸರಿನ ವೈದ್ಯಕೀಯ ಶಾಲೆಯಲ್ಲಿ ಚೀನೀ ತರುಣರಿಗೆ ಪಾಠ ಹೇಳಿದರು. 1941ರಲ್ಲಿ ಬೆಥ್ಯೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಅಲ್ಲಿಯೇ ಗ್ವೊ ಛಿಂಗ್‌ಲಾನ್ ಎಂಬಾಕೆಯನ್ನು ಮದುವೆಯಾದರು. ಅವರ ಮಗನಿಗಿಟ್ಟ ಹೆಸರು ಯಿನ್‌ಹ್ವಾ. ‘ಯಿನ್’ ಎಂದರೆ ಭಾರತ, ‘ಹ್ವಾ’ ಎಂದರೆ ಚೀನ. 1942ರ ಡಿಸೆಂಬರ್ 9ರಂದು, ಕೇವಲ 32ನೆಯ ವಯಸ್ಸಿನಲ್ಲಿ ಅವರು ಕಾಲವಾದರು.

ಕೋಟ್ನೀಸರೂ ಒಬ್ಬ ಪರದೇಶದ ಉಪಾಧ್ಯಾಯರೇ. ಪಾಠ ಹೇಳುವ ಮೊದಲು ಶಿಷ್ಯರ ಭಾಷೆಯನ್ನು ಕಲಿತರು. ಅವರು ಉಂಡುದನ್ನು ಉಂಡರು. ಅವರು ನಡೆದ ಬೆಟ್ಟದ ದಾರಿಯನ್ನೇ ನಡೆದರು. ಎರಡು ದೇಶಗಳ ಸರಕಾರಗಳ ನಡುವೆ 1962ರಲ್ಲಿ ಯುದ್ಧವಾಯಿತು. 2020ರಲ್ಲಿ ಗಡಿಯಲ್ಲಿ ಮತ್ತೆ ರಕ್ತ ಹರಿಯಿತು. ಆದರೂ ಆ ಸಮಾಧಿಯ ಮುಂದೆ ಹೂವಿಡುವುದನ್ನು ಜನ ಬಿಟ್ಟಿಲ್ಲ. ಅಲ್ಲಿಗೆ ತರಗತಿಯೊಡನೆ ಬಂದ ಇಂದಿನ ಪರದೇಶದ ಉಪಾಧ್ಯಾಯನು, ತನ್ನ ವೃತ್ತಿಯ ಹಿರಿಯನೊಬ್ಬನ ಮುಂದೆ ನಿಂತಿರುವೆನೆಂಬುದನ್ನು ಅರಿತರೆ ಸಾಕು.

ನಮಗೆ ಇದರಿಂದ ಏನು?

ಮಿತ್ರರೆ, ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿ ಹಿಂದಿಗಳನ್ನೂ ಆಡುತ್ತ ಬೆಳೆಯುವ ನೀವು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕಾರ್ಯವನ್ನು ದಿನವೂ ಮಾಡುತ್ತಿರುವಿರಿ. ಊರಿನಿಂದ ಬಂದ ಅಜ್ಜಿಗೆ ರೈಲಿನ ಫಲಕವನ್ನು ಓದಿ ಹೇಳುವವರು ನೀವೇ. ದೂಜ್ಯಾಂಗ್‌ಯಾನಿನ ಹುಡುಗಿಯ ಕಷ್ಟವೂ ಅವಳ ಹೆಮ್ಮೆಯೂ ನಿಮಗೆ ಬೇಗನೆ ಅರ್ಥವಾದಾವು.

ಆದುದರಿಂದ ಮುಂದಿನ ಪ್ರವಾಸದಲ್ಲಿ ಒಂದು ಪ್ರಯೋಗ ಮಾಡಿ ನೋಡಿರಿ. ಬೊರಿವಲಿಯ ಕಾನ್ಹೇರಿ ಗುಹೆಗಳಿಗೆ ಹೋದಿರೆಂದು ಇಟ್ಟುಕೊಳ್ಳಿ. ಅಲ್ಲಿ ಬೌದ್ಧ ಭಿಕ್ಷುಗಳು ಮಳೆಯ ನೀರನ್ನು ಹಿಡಿದಿಡಲು ಬಂಡೆಯಲ್ಲಿ ಕೊರೆಸಿದ ತೊಟ್ಟಿಗಳಿವೆ. ನಿಮ್ಮ ಭಾಷೆಯನ್ನು ಅರಿಯದ ಒಬ್ಬ ಅತಿಥಿಯು ನಿಮ್ಮ ಪಕ್ಕದಲ್ಲಿ ನಿಂತಿರುವನೆಂದು ಭಾವಿಸಿ, ಆ ನೀರು ಎಲ್ಲಿಂದ ಬಂದಿತು, ಎಲ್ಲಿ ನಿಂತಿತು, ಯಾರ ಬಾಯಾರಿಕೆಯನ್ನು ಹಿಂಗಿಸಿತು ಎಂಬುದನ್ನು ಹತ್ತು ಸುಲಭವಾದ ಮಾತುಗಳಲ್ಲಿ ಹೇಳಲು ಯತ್ನಿಸಿರಿ. ಹೇಳಲು ಬಂದಷ್ಟು ನಿಮಗೆ ತಿಳಿದಿದೆ; ಬಾರದಷ್ಟನ್ನು ಅಲ್ಲಿಯೇ ಕೇಳಿ, ನೋಡಿ ತಿಳಿದುಕೊಂಡು ಬಂದರೆ ಪ್ರವಾಸಕ್ಕೆ ಕೊಟ್ಟ ಒಂದು ದಿನ ಸಾರ್ಥಕವಾದಂತೆಯೇ.